ತಿಕ್ಕಿ ತೊಳೆದ ಕಾವಲಿ

ಪೆಂಟ್ರೆಹೇಲ್ ಊರಿನ ಚರಿತ್ರೆಯಲ್ಲಿ ತಗಡಿನ ಕಾರ್ಖಾನೆ ಮುಚ್ಚಿದ್ದೇ ಅತಿ ದೊಡ್ಡ ಘಟನೆಯೆಂದು ಪತ್ರಿಕೆಯವರು ಬರೆದರು. ಅವರಿಗೇನು ಗೊತ್ತು? ನಿಜವಾದ ಆಪತ್ತು ಬಂದದ್ದು ಕೆಲವು ವರ್ಷಗಳ ನಂತರ, ಒಂದು ಗುರುವಾರ, ಟೆಗ್ವೆನ್‌ಳ ಕಾವಲಿಯನ್ನು ಸೋಪು ಹಾಕಿ ತೊಳೆದಾಗ.

ಆ ಕಾವಲಿಯನ್ನು ಅವಳ ಗಂಡ ಕಾರ್ಖಾನೆಯ ದಪ್ಪ ಕಬ್ಬಿಣದಲ್ಲಿ ಗುಂಡಗೆ ಕತ್ತರಿಸಿ, ಕೋಟಿನೊಳಗೆ ಇಟ್ಟುಕೊಂಡು ಹೊರಗೆ ತಂದಿದ್ದ. ಊರಿನ ಎಲ್ಲ ಮನೆಗಳ ಕಾವಲಿಯೂ ಹಾಗೆಯೇ ಬಂದದ್ದು. ಪಾಳಿ ಬಿಟ್ಟಾಗ ಯಾರಾದರೂ ಎದೆ ಸೆಟೆಸಿ ನಡೆದರೆ, ಓಹೋ, ಇವನ ಮನೆಯಲ್ಲಿ ಮದುವೆ ಇದೆ, ಹೊಸ ಸಂಸಾರಕ್ಕೆ ಕಾವಲಿ ಹೊರಟಿದೆ ಎಂದುಕೊಳ್ಳುತ್ತಿದ್ದೆವು. ಗೇಟಿನವನು ಆಕಾಶ ನೋಡುತ್ತಿದ್ದ. ಅವನ ಮನೆಯಲ್ಲೂ ಒಂದಿತ್ತು.

ಗಂಡ ಹೋದ ಮೇಲೂ ಚಾಪೆಲ್ಲೆಂಬ ಊರ ಪುಟ್ಟ ಚರ್ಚಿನ ವಾರ್ಷಿಕ ಚಹಾಕೂಟಕ್ಕೆ ಒಣದ್ರಾಕ್ಷಿ ಹಾಕಿದ ಸಿಹಿ ಹಿಟ್ಟಿನ ಬಿಲ್ಲೆಗಳನ್ನು ಟೆಗ್ವೆನ್ ಅದರ ಮೇಲೆಯೇ ಬೇಯಿಸುತ್ತಿದ್ದಳು. ಊರಿನಲ್ಲಿ ಅವಳಿಗೆ ಉಳಿದಿದ್ದ ಹುದ್ದೆ ಅದೊಂದೇ. ಸೂಪರ್ ಮಾರ್ಕೆಟ್ಟಿನಿಂದ ತರಿಸಿದರೆ ಸುಲಭವೆಂದು ಕಾರ್ಯದರ್ಶಿ ಹೇಡನ್ ಪ್ರತಿ ವರ್ಷ ಹೇಳುತ್ತಿದ್ದ, ಪ್ರತಿ ವರ್ಷ ಸೋಲುತ್ತಿದ್ದ.

ಕಾರ್ಖಾನೆಯ ಕುಲುಮೆಯಿದ್ದ ಜಾಗದಲ್ಲಿ ಈಗ ಹೊಸ ಮನೆಗಳ ಸಾಲಿದೆ. ಅಲ್ಲಿಗೆ ಬಂದ ಲೋವ್ರಿ ಎಂಬ ಹುಡುಗಿ ಕಾವಲಿಯನ್ನು ಎರವಲು ಕೇಳಿದಳು. ತಂದದ್ದನ್ನು ಕೊಳಕಾಗಿ ಹಿಂದಿರುಗಿಸಬಾರದೆಂದು ಅವಳ ತಾಯಿ ಕಲಿಸಿದ್ದರು.

"ಆಂಟಿ, ಎಷ್ಟು ಕಪ್ಪು ಕೂತಿತ್ತು ಗೊತ್ತಾ? ತಂತಿ ಬ್ರಷ್ಷಲ್ಲಿ ತಿಕ್ಕಿದೆ. ನೋಡಿ, ಮುಖ ಕಾಣುತ್ತೆ!"

ಟೆಗ್ವೆನ್ ನೋಡಿದಳು. "ಕಾಣುತ್ತೆ ಕಣಮ್ಮ. ಅಳೋ ಮುಖ."

ಅಂದೇ ಬೇಯಿಸಿ ನೋಡಿದರೆ, ವರ್ಷಗಟ್ಟಲೆ ಪಳಗಿದ್ದ ಕಪ್ಪೆಲ್ಲ ಹೋಗಿದ್ದರಿಂದ ಬಿಲ್ಲೆಗಳು ಕಾವಲಿ ಬಿಟ್ಟು ಬರಲೊಲ್ಲವು. ಸೀದ ವಾಸನೆ ಹಿಡಿದು ಹೇಡನ್ ಬಾಗಿಲಿಗೆ ಬಂದ.

"ಶನಿವಾರದ ಚಹಾಕೂಟಕ್ಕೆ ಅಂಗಡಿಗೆ ಹೇಳ್ಬಿಡ್ಲಾ, ಟೆಗ್ವೆನ್?"

"ನಾಳೆ ಸಂಜೆವರೆಗೂ ಸುಮ್ನಿರು."

"ಸಂಜೆ ಆದ್ಮೇಲೆ?"

"ಆಮೇಲೆ ನಿನ್ನಿಷ್ಟ."

ಶುಕ್ರವಾರ ಅವಳ ಹಿತ್ತಿಲಲ್ಲಿ ಕಲ್ಲಿದ್ದಲಿನ ಒಲೆ ಹೊತ್ತಿತು. ಉರಿ ನೋಡಲು ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದ ಇದ್ರಿಸ್ ಬಂದ, ಅವನ ತಪ್ಪು ಹಿಡಿಯಲು ತಗಡು ಎಳೆಯುತ್ತಿದ್ದ ಎಮ್ಲಿನ್ ಬಂದ. ಹಂದಿಕೊಬ್ಬು ಸವರುವುದು, ಹೊಗೆಯೇಳುವವರೆಗೆ ಕಾಯಿಸುವುದು, ಆರಿಸುವುದು, ಮತ್ತೆ ಸವರುವುದು.

"ಉರಿ ಜಾಸ್ತಿ ಆಯ್ತು."

"ಉರಿ ನನ್ ಕೆಲ್ಸ. ನೀನು ಆಗ್ಲೂ ಹಿಂಗೇ ಬಡ್ಕೊಳ್ತಿದ್ದೆ."

"ಆಗ್ಲೂ ಜಾಸ್ತೀನೇ ಇರ್ತಿತ್ತಲ್ಲೋ!"

ಕಾದ ಕಬ್ಬಿಣದ, ಕೊಬ್ಬಿನ ವಾಸನೆ ಬೀದಿಗೆ ಹಬ್ಬಿತು. ಬಾಗಿಲುಗಳು ಒಂದೊಂದಾಗಿ ತೆರೆದು ಹೆಂಗಸರು ಹೊರಬಂದರು. ಪಾಳಿ ಮುಗಿಸಿ ಬರುತ್ತಿದ್ದ ಗಂಡಸರ ಬಟ್ಟೆಯ ವಾಸನೆ ಅದು. ಅದನ್ನು ತೊಲಗಿಸಲು ಈ ಹೆಂಗಸರು ತಮ್ಮ ಸೋಮವಾರಗಳನ್ನೆಲ್ಲ ಒಗೆಯುವುದರಲ್ಲೇ ಸವೆಸಿದ್ದರು; ಈಗ ಬೇಲಿಯ ಮೇಲೆ ಮೂಗು ಚಾಚಿ ನಿಂತಿದ್ದರು. ಹೊಸ ಮನೆಗಳ ಸಾಲಿನಿಂದ ಒಬ್ಬ ಮಾತ್ರ ಹೊಗೆಯೆಂದು ದೂರಿದ. ಕಾರ್ಖಾನೆಯಿದ್ದಾಗಲೂ ಹೀಗೆ ದೂರುವವನೊಬ್ಬ ಇರುತ್ತಿದ್ದ. ಎಲ್ಲರಿಗೂ ಸಮಾಧಾನವಾಯಿತು.

ಮೊದಲ ಬಿಲ್ಲೆ ಅಂಟಿತು. ಎರಡನೆಯದೂ ಅಂಟಿತು. ಒಲೆಯ ಪಕ್ಕ ನಿಂತಿದ್ದ ಲೋವ್ರಿಯ ಕಣ್ಣು ತುಂಬಿತು.

"ಎಲ್ಲಾ ನನ್ನಿಂದಾನೇ, ಆಂಟಿ."

"ಹೌದು, ನಿನ್ನಿಂದಾನೇ. ಅಳೋದು ಆಮೇಲೆ ಇಟ್ಕೋ, ಈಗ ಕೊಬ್ಬು ಸವರು. ತೆಳ್ಳಗೆ. ಏಯ್, ತೆಳ್ಳಗೆ ಅಂದ್ರೆ ತೆಳ್ಳಗೆ!"

ಹುಡುಗಿ ಸವರಿದಳು. ಟೆಗ್ವೆನ್ ಕುರ್ಚಿ ಎಳೆದುಕೊಂಡು ಕುಳಿತು ಬೈಯುತ್ತಲೇ ಇದ್ದಳು. ಬೆಳಕು ಇಳಿಯುವ ಹೊತ್ತಿಗೆ ಕಾವಲಿ ಕಪ್ಪಗಾಯಿತು. ಒಂದು ಬಿಲ್ಲೆ ತಾನಾಗಿ ಜಾರಿತು. ಸಂಜೆಯಾಗುವುದನ್ನೇ ಕಾದು ಬೇಲಿಯ ಬಳಿ ನಿಂತಿದ್ದ ಹೇಡನ್ ಕೈಗಡಿಯಾರ ನೋಡಿಕೊಂಡು ಮನೆಗೆ ಹೋದ.

ಶನಿವಾರ ಟೆಗ್ವೆನ್‌ಳ ಬಿಲ್ಲೆಗಳನ್ನೇ ಬಡಿಸಿದರು. ಒಂದು ಬದಿ ಸೀದಿದ್ದವು. ಹೇಡನ್ ನಾಲ್ಕು ತಿಂದ.