ಸತ್ತ ಸೈನಿಕರ ಮಂಗಳ

ಆ ಉಡುಪಿನೊಳಗೆ ಇಳಿಯಲು ಇಬ್ಬರ ಸಹಾಯ ಬೇಕು. ಹೊರಗೆ ಬರಲು ಕಂಪನಿಯವರ ಮನಸ್ಸು ಬೇಕು. ದಪ್ಪ ರಬ್ಬರಿನ ಅಂಗಿ, ಅದರ ಮೇಲೆ ಫೈಬರಿನ ಎದೆಕವಚ, ತಲೆಗೆ ಗಾಜಿನ ಮುಖದ ಹೆಲ್ಮೆಟ್ಟು. ಸಂದು ಕಾಣಬಾರದೆಂದು ಕುತ್ತಿಗೆಯ ಸುತ್ತ ಗೋಂದು ಬಳಿದು ಅಂಟಿಸುತ್ತಿದ್ದರು. ಜಗಳೂರಿನ ಬಿಸಿಲಿನಲ್ಲಿ ನಮ್ಮ ಕೇರಿಯ ಭೀಮೇಶ ಬೆಳಿಗ್ಗೆಯೇ ಅದರೊಳಗೆ ಹೋಗಿದ್ದ.

ಸಿನಿಮಾ ಶೂಟಿಂಗು. ನಮ್ಮ ಗುಡ್ಡ, ಗುಡ್ಡದ ಮೇಲಿನ ಗಾಳಿ ಫ್ಯಾನುಗಳು, ಮೆಕ್ಕೆಜೋಳ ಕೊಯ್ದ ಬೋಳು ಹೊಲ ನೋಡಿ, ಬೇರೆ ಗ್ರಹ ಅಂದರೆ ಇದೇ ಎಂದು ಡೈರೆಕ್ಟರು ಕುಣಿದಾಡಿದರಂತೆ. ಹುಟ್ಟಿದಾಗಿನಿಂದ ಬೇರೆ ಗ್ರಹದಲ್ಲಿದ್ದೇವೆಂದು ನಮಗೇ ಗೊತ್ತಿರಲಿಲ್ಲ. ಕಥೆ ಇಷ್ಟೇ: ಅಲ್ಲಿಗೆ ಯುದ್ಧಕ್ಕೆ ಬಂದ ಸೈನಿಕರನ್ನು ಅವರು ತೊಟ್ಟ ಉಡುಪೇ ತಿನ್ನುತ್ತದೆ. ಕೊನೆಗೆ ಒಬ್ಬ ಉಳಿಯುತ್ತಾನೆ. ಅವನೇ ಹೀರೋ. ಮುಖ ತೋರಿಸಬೇಕಾದಾಗ ಮಾತ್ರ ಅವನು ತಣ್ಣನೆಯ ವ್ಯಾನಿನಿಂದ ಇಳಿಯುತ್ತಿದ್ದ. ಉಡುಪಿನೊಳಗೆ ಬೇಯುವ ಕೆಲಸ ಭೀಮೇಶನದು.

ನಾನು, ಅಂಜಿನಪ್ಪ, ತಿಪ್ಪೇಶಪ್ಪ, ಕೇರಿಯ ಉಳಿದವರು ಸತ್ತ ಸೈನಿಕರು. ಬೆಳಿಗ್ಗೆಯೇ ಸತ್ತು ಬಿದ್ದಿದ್ದೆವು. ಸತ್ತವರ ಹೆಲ್ಮೆಟ್ಟಿಗೆ ಗಾಜಿರಲಿಲ್ಲ, ಹಾಗಾಗಿ ಉಸಿರಾಟಕ್ಕೆ ತೊಂದರೆಯಿರಲಿಲ್ಲ.

ತಿಪ್ಪೇಶಪ್ಪ ನಮ್ಮ ಬಯಲಾಟದ ಮೇಷ್ಟ್ರು. ಭೀಮೇಶನಿಗೆ ಕುಣಿತ ಕಲಿಸಿದವನು. ನಮ್ಮ ಕೇರಿಯ ಆಟಕ್ಕೆ ಒಂದು ಕಟ್ಟುಪಾಡಿದೆ. ಪೂಜೆ ಮಾಡಿ ವೇಷ ಕಟ್ಟಿದ ಮೇಲೆ, ಕೊನೆಯ ಮಂಗಳ ಹಾಡುವ ತನಕ ಬಿಚ್ಚಬಾರದು. ದಾಹವಾಗಲಿ, ಮೈ ತುರಿಸಲಿ, ವೇಷ ಮೈಮೇಲೇ ಇರಬೇಕು.

ಕಂಪನಿಯವರು ಆ ಬೆಳಿಗ್ಗೆ ಕ್ಯಾಮೆರಾಕ್ಕೆ ಕಾಯಿ ಒಡೆದು, ಹೆಲ್ಮೆಟ್ಟಿಗೂ ಕುಂಕುಮ ಹಚ್ಚಿದ್ದರು. ಭೀಮೇಶನಿಗೆ ಅಷ್ಟೇ ಸಾಕಾಯಿತು. ಊಟದ ಹೊತ್ತಿಗೆ ಉಡುಪಿನ ಉಸ್ತುವಾರಿ ನೋಡುತ್ತಿದ್ದ ಸಂಧ್ಯಾರಾಣಿ ಬಂದು ಕೇಳಿದಳು.

"ಬಿಚ್ಚಲಾ ಅಣ್ಣಾ? ಸ್ವಲ್ಪ ಗಾಳಿ ಆಡ್ಲಿ."

ಗಾಜಿನೊಳಗೆ ಭೀಮೇಶನ ತಲೆ ಅಲ್ಲಾಡಿತು. "ಬ್ಯಾಡವ್ವ. ಪೂಜೆ ಆಗೈತೆ. ಮಂಗಳ ಆಗೋ ತಂಕ ಬಿಚ್ಚಂಗಿಲ್ಲ."

ನಮ್ಮನ್ನು ಕೆಲಸಕ್ಕೆ ಕರೆತಂದ ಮ್ಯಾನೇಜರ್ ಅರುಣ್ ಕುಮಾರ್ ಪಕ್ಕದಲ್ಲೇ ಇದ್ದ. ಅವನ ಕಿವಿ ನೆಟ್ಟಗಾಯಿತು. ಬಿಚ್ಚಿದರೆ ಮತ್ತೆ ಅಂಟಿಸಬೇಕು, ಅಷ್ಟರಲ್ಲಿ ಬಿಸಿಲು ಇಳಿದುಬಿಡುತ್ತದೆ.

"ನೋಡಮ್ಮ, ಅದು ಅವರ ಸಂಪ್ರದಾಯ. ನಾವು ಗೌರವಿಸ್ಬೇಕು," ಎಂದ.

ನಮ್ಮ ಸಂಪ್ರದಾಯಕ್ಕೆ ಅಷ್ಟು ಗೌರವ ಸಿಕ್ಕಿದ್ದು ಅದೇ ಮೊದಲು.

ತಿಪ್ಪೇಶಪ್ಪ ಬಿದ್ದಲ್ಲಿಂದಲೇ ಹೇಳಿದ: "ನಮ್ಮ ಆಟ ರಾತ್ರಿ ತಂಪಿನಾಗೆ ಕಣಪ್ಪ. ಇದು ಸುಡೋ ಬಿಸ್ಲು. ಬಿಚ್ಚಿಸ್ರಿ."

"ಹೆಣ ಮಾತಾಡಬಾರ್ದು," ಎಂದ ಅರುಣ್ ಕುಮಾರ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಶಾಟ್ ಶುರುವಾಯಿತು. ಉಡುಪು ಹಿಸುಕುತ್ತಿರುವಂತೆ ಭೀಮೇಶ ಒದ್ದಾಡಬೇಕಿತ್ತು. ಎಡವುತ್ತಾ ಬಂದ. ಒದ್ದಾಡಿದ. ಮಂಡಿಯೂರಿ ಎರಡೂ ಕೈಯಿಂದ ಗಾಜು ಬಡಿದ. ಒಳಗೆ ಹಬೆ ಕಟ್ಟಿ ಮುಖ ಕಾಣುತ್ತಿರಲಿಲ್ಲ.

"ಸೂಪರ್! ಹಾಗೇ ಮಾಡಿ! ಇನ್ನೂ ಜೋರಾಗಿ!" ಡೈರೆಕ್ಟರು ಕೂಗಿದರು.

ಅವನು ಇನ್ನೂ ಜೋರಾಗಿ ಬಡಿದ. ನಾನು ಮಾರು ದೂರದಲ್ಲಿ ಬಿದ್ದಿದ್ದೆ, ಅದಕ್ಕೇ ಅವನ ದನಿ ಕೇಳಿಸಿತು.

"ಉಸ್ರು... ಬಿಚ್ರಿ... ಬಿಚ್ರೋ..."

ಸಂಧ್ಯಾರಾಣಿ ಓಡಿಬಂದಳು. ಅರುಣ್ ಕುಮಾರ್ ಅಡ್ಡ ನಿಂತ. "ಫ್ರೇಮಿನೊಳಗೆ ಹೋಗ್ಬೇಡ!"

"ಸರ್, ಅದು ಆಕ್ಟಿಂಗ್ ಅಲ್ಲ!"

"ಬೇಡ ಅಂತ ಅವನೇ ಅಂದನಲ್ಲ! ಮಂಗಳ ಆಗೋವರೆಗೂ ಬಿಚ್ಚಲ್ಲ ಅಂತ!"

ಭೀಮೇಶ ಪಕ್ಕಕ್ಕೆ ಉರುಳಿದ. ಗಾಜಿನ ಮೇಲಿಂದ ಕೈ ಜಾರಿತು. ಡೈರೆಕ್ಟರು ಕಟ್ ಹೇಳಲಿಲ್ಲ. ನಾನು ಏಳಬೇಕಿತ್ತು, ಆದರೆ ಹೆದರಿಕೆಗೆ ಮೈ ಏಳಲಿಲ್ಲ.

ಆಗ ಹೆಣಗಳ ನಡುವಿನಿಂದ ಹಾಡು ಎದ್ದಿತು.

ತಿಪ್ಪೇಶಪ್ಪ ಮಂಗಳ ಹಾಡುತ್ತಿದ್ದ. ಬೆಳಗಿನ ಜಾವ ಆಟ ಮುಗಿಸುವಾಗಿನ ಅದೇ ಧಾಟಿ. ಹಾಡುತ್ತಲೇ ಎದ್ದು ನಿಂತ. ಮಂಗಳಕ್ಕೆ ಯಾರೂ ಮಲಗಿರುವಂತಿಲ್ಲ, ಅದನ್ನು ನಮಗೆ ಯಾರೂ ಹೇಳಬೇಕಿಲ್ಲ. ಅಂಜಿನಪ್ಪ ಎದ್ದ. ನಾನೂ ಎದ್ದೆ. ಗುಡ್ಡದುದ್ದಕ್ಕೂ ಸತ್ತ ಸೈನಿಕರೆಲ್ಲ ಎದ್ದು ದನಿ ಸೇರಿಸಿದರು.

"ಏಯ್! ನೀವೆಲ್ಲ ಸತ್ತಿದ್ದೀರಿ! ಮಲಕ್ಕೊಳ್ರಿ!" ಅರುಣ್ ಕುಮಾರ್ ಕಿರುಚಿದ.

"ಸತ್ತಿಲ್ಲ ಕಣಪ್ಪ. ಸರಿ ಅತ್ಲಾಗೆ," ಎಂದು ಅಂಜಿನಪ್ಪ ಅವನನ್ನು ತಳ್ಳಿದ.

ತಿಪ್ಪೇಶಪ್ಪ ಬೆಣಚುಕಲ್ಲಿನಿಂದ ಗಾಜಿನ ಅಂಚು ಕುಟ್ಟಿದ. ಸಂಧ್ಯಾರಾಣಿ ಕತ್ತರಿ ಹಾಕಿ ಕುತ್ತಿಗೆಯ ರಬ್ಬರು ಸೀಳಿದಳು. ಹೆಲ್ಮೆಟ್ಟು ಕಳಚಿದಾಗ ಭೀಮೇಶನ ಮುಖ ಬೇಯಿಸಿದ ಗೆಣಸಿನಂತಾಗಿತ್ತು. ನೀರು ಸುರಿದೆವು. ಬಹಳ ಹೊತ್ತಿನ ಮೇಲೆ ಎದೆ ಏರಿತು.

"ಮೇಷ್ಟ್ರೇ... ಮಂಗಳ ಆತೇನ್ರೀ?"

"ಆತು ಕಣೋ ಮಗ. ಉಸ್ರಾಡು."

ನನಗೆ ಅಳು ತಡೆಯಲಾಗಲಿಲ್ಲ.

"ವ್ಯಾನಿನಾಗೆ ತಂಪೈತಲ್ರೀ, ಒಸಿ ಮಲಗ್ಸಾಕೆ ಬಿಡ್ರಿ," ಎಂದು ಅಂಜಿನಪ್ಪ ಕೇಳಿದ. ಹೀರೋ ನಿದ್ದೆ ಮಾಡುತ್ತಿದ್ದಾರೆ ಎಂದರು ಕಂಪನಿಯವರು. ವ್ಯಾನಿನ ನೆರಳಲ್ಲೇ ಮಲಗಿಸಿದೆವು. ಒಳಗೆ ತಂಪು ಮಾಡುವ ಯಂತ್ರದ ಬಿಸಿಗಾಳಿ ಹೊರಗೆ ಅವನ ಮೇಲೆ ಬೀಸುತ್ತಿತ್ತು.

ಡೈರೆಕ್ಟರು ಆ ಶಾಟನ್ನು ಪರದೆಯಲ್ಲಿ ಎರಡೆರಡು ಸಲ ನೋಡಿದರು. ಬಹಳ ಚೆನ್ನಾಗಿ ಬಂದಿದೆಯಂತೆ. ಇನ್ನೊಂದು ಬದಿಯಿಂದಲೂ ಬೇಕಂತೆ. ಅರುಣ್ ಕುಮಾರ್ ಹೊಸ ಉಡುಪು ಹೊತ್ತು ತಂದು, ಸಂತೆಯಲ್ಲಿ ಕುರಿ ನೋಡುವಂತೆ ನಮ್ಮ ಎತ್ತರ ದಪ್ಪ ನೋಡಿದ.

"ಯಾರ್ ಹಾಕ್ಕೊಂತೀರಿ? ಬೇಗ ಬೇಗ, ಬಿಸ್ಲು ಹೋಗುತ್ತೆ."

ತಿಪ್ಪೇಶಪ್ಪ ತನ್ನ ಎದೆಕವಚ ಬಿಚ್ಚಿ ಅವನ ಕಾಲ ಬಳಿ ಇಟ್ಟ. ನಾವೂ ಒಬ್ಬೊಬ್ಬರಾಗಿ ಬಿಚ್ಚಿ ಅದರ ಮೇಲೆ ಒಟ್ಟಿದೆವು.

"ಮಂಗಳ ಹಾಡಿದ ಮ್ಯಾಲೆ ಆ ಆಟಕ್ಕೆ ಮತ್ತೆ ವೇಷ ಕಟ್ಟಂಗಿಲ್ಲ ಸ್ವಾಮಿ," ಎಂದ ತಿಪ್ಪೇಶಪ್ಪ. "ನಮ್ಮ ಸಂಪ್ರದಾಯ. ನೀವು ಗೌರವಿಸ್ಬೇಕು."