ಸತ್ತ ಅಳಿಯನ ಸೈಕಲ್

ನಿಜಾಮನ ಅಮಲಿನ ಕಲಬುರ್ಗಿಯಲ್ಲಿ ಆಗ ಸೈಕಲ್ಲುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅದಾಲತ್ತಿನ ಗುಮಾಸ್ತ ಮುಕುಂದ ಒಬ್ಬನೇ ಸೈಕಲ್ ಮೇಲೆ ಹೈದರಾಬಾದಿಗೆ ಹೋಗುತ್ತೇನೆಂದಾಗ ಓಣಿಗೆ ಓಣಿಯೇ ನಕ್ಕಿತು. ಕಮಲಾಪುರ, ಹುಮನಾಬಾದ್, ಬೀದರ್, ಆಮೇಲೆ ಹೈದರಾಬಾದ್. ರೈಲು ಇದ್ದೂ ಪೆಡಲು ತುಳಿಯುವವನನ್ನು ಏನೆನ್ನಬೇಕು?

ಅವನ ಹೆಂಡತಿ ಇಂದೂಬಾಯಿ ಇನ್ನೂ ಕಮಲಾಪುರದ ತವರಿನಲ್ಲೇ ಇದ್ದಳು. ಮದುವೆಯಾದಾಗ ಅವಳಿಗೆ ಹತ್ತು, ಈಗ ಹದಿನಾರು. ಕರೆದುಕೊಂಡು ಬಾ ಎಂದು ತಾಯಿ ಪಾರ್ವತೀಬಾಯಿ ಹೇಳಿದಾಗಲೆಲ್ಲ ಪರೀಕ್ಷೆಯಾಗಲಿ ಎಂದ, ಆಮೇಲೆ ನೌಕರಿ ಸಿಗಲಿ ಎಂದ, ಈಗ ಪ್ರವಾಸ ಮುಗಿಯಲಿ ಎನ್ನುತ್ತಿದ್ದ. ಕಮಲಾಪುರದ ಮೇಲೇ ಹೋಗುವವನು ಅತ್ತೆ ಮನೆಗೆ ಕಾಲಿಡುವ ಯೋಚನೆಯನ್ನೂ ಮಾಡಿರಲಿಲ್ಲ. ಹೋದರೆ ಮಣೆ ಹಾಕಿ, ಹೋಳಿಗೆ ತಿನ್ನಿಸಿ, ದಿನವೆಲ್ಲ ಕೂಡಿಸುತ್ತಾರೆ, ಸವಾರಿ ಕೆಡುತ್ತದೆ.

ಹೊರಡುವ ಬೆಳಿಗ್ಗೆ ಅಂಗಳದಲ್ಲಿ ಗಾಲಿಗೆ ಗಾಳಿ ಹೊಡೆಯುತ್ತಿದ್ದಾಗ ಕಾಗೆಯೊಂದು ಅವನ ತಲೆಗೆ ಬಡಿದು ಹೋಯಿತು. ಪಾರ್ವತೀಬಾಯಿಯ ಕೈಯಲ್ಲಿದ್ದ ತಂಬಿಗೆ ಕೆಳಗೆ ಬಿತ್ತು. ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ. ಅದಕ್ಕೆ ಪರಿಹಾರವೂ ಉಂಟು: ಅವನು ಸತ್ತನೆಂದು ನೆಂಟರಿಗೊಂದು ಸುಳ್ಳು ಸುದ್ದಿ ಕಳಿಸಬೇಕು, ಅವರು ನಂಬಿ ಅಳಬೇಕು, ಆ ಕಣ್ಣೀರಿಗೆ ಕಂಟಕ ಕಳೆಯುತ್ತದೆ. ಆಮೇಲೆ ನಿಜ ಹೇಳಿದರಾಯಿತು.

"ಒಂದಿನಾ ನಿಲ್ಲೋ. ಕಮಲಾಪುರದ ಮೌಶಿಗೆ ಸುದ್ದಿ ಕಳಸ್ತೀನಿ. ಆಕಿ ಒಂದೀಟ ಅಳಲಿ," ಎಂದಳು. ಮೌಶಿಯೆಂದರೆ ಅವಳ ತಂಗಿ.

"ಆಯಿ, ಮಗಾ ಮುಂದ ಗಟ್ಟಿಮುಟ್ಟಿ ನಿಂತಾನ. ಸಾಯಿಸಬ್ಯಾಡ," ಎಂದು ನಕ್ಕು ಮುಕುಂದ ಹೊರಟೇ ಬಿಟ್ಟ.

ಊರು ದಾಟಿ ಒಂದಿಷ್ಟು ದೂರ ಹೋದಮೇಲೆ ವಹಾಬನ ಮೋಟಾರು ಧೂಳೆಬ್ಬಿಸಿಕೊಂಡು ಅವನನ್ನು ಹಿಂದೆ ಹಾಕಿತು. ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗಿ ಸಂಜೆ ತಿರುಗಿ ಬರುವ ಮೋಟಾರು ಅದೊಂದೇ. ವಹಾಬ ಇವನನ್ನು ನೋಡಿ ಬಾಯಿತುಂಬ ನಕ್ಕು ಕೈಯೆತ್ತಿದ. ಮುಕುಂದನೂ ಕೈಯೆತ್ತಿದ.

ಜಾಲಿಮುಳ್ಳು ಎರಡು ಸಲ ಗಾಲಿಗೆ ಚುಚ್ಚಿತು. ಮಹಾಗಾಂವದ ಬಾವಿಯ ಹತ್ತಿರ ಕೂತು ಪಂಕ್ಚರ್ ಹಾಕುವಷ್ಟರಲ್ಲಿ ಬಿಸಿಲು ನೆತ್ತಿಗೇರಿತು. ಕಮಲಾಪುರ ಇನ್ನು ಮೂರು ಮೈಲಿ ಇರುವಾಗ ಕೆಂಪು ಬಾಳೆಗೊನೆ ಹೇರಿದ ಬಂಡಿ ಎದುರಾಯಿತು. ಬಂಡಿ ಹೊಡೆಯುತ್ತಿದ್ದ ಸೂಗಪ್ಪ ಆ ಊರಿನ ತೋಟದವನು. ಗುರುತು ಪರಿಚಯ ಇಲ್ಲದಿದ್ದರೂ ಕೈಗೊಂದು ಹಣ್ಣು ಕೊಟ್ಟು ಮಾತಿಗೆ ನಿಂತ.

"ಹುಷಾರ್ ಹೋಗ್ರಿ ಸಾಹೇಬ್ರ. ಇವತ್ತ ನಿಮ್ಮಂಗ ಸೈಕಲ್ ಮ್ಯಾಲ ಹೊಂಟಾವ ಒಬ್ಬ ಬಿದ್ದು ಸತ್ತಾನಂತ. ಮೋಟಾರ್ ವಹಾಬ ಸುದ್ದಿ ತಂದಾನ. ನಮ್ಮೂರ ಜೋಶಿಯವರ ಅಳಿಯಾ ಅಂತ್ರೀ."

ಬಾಯಲ್ಲಿದ್ದ ಹಣ್ಣು ಬಾಯಲ್ಲೇ ಉಳಿಯಿತು. ಜೋಶಿಯವರಿಗೆ ಇಂದೂಬಾಯಿ ಒಬ್ಬಳೇ ಮಗಳು.

"ಪಾಪ, ಹುಡಿಗಿ ಬಳಿ ಒಡದಾರ. ಜೋಶಿಯವರು ಹೆಂಡತೀನ ಕರಕೊಂಡು ಪಂಢರಪುರಕ್ಕ ಹೋಗ್ಯಾರ, ಅವರ ಸೋದರತ್ತಿ ಅಜ್ಜಿನ್ನ ಹಿಡಿಯಾವ್ರು ಯಾರಿಲ್ಲ. ಹತ್ತನೇ ದಿನದ ತನಕಾ ಯಾಕ, ಇವತ್ತೇ ತಲಿ ಬೋಳಸ್ರಿ ಅಂದಾಳ. ನಾ ಹೊಂಡೂ ಮುಂದ ಕ್ಷೌರದಾವನ್ನ ಕರೀಲಾಕ ಹೋಗಿದ್ರು."

ಮುಕುಂದನಿಗೆ ಎಲ್ಲ ಒಮ್ಮೆಗೇ ತಿಳಿಯಿತು. ತಾಯಿ ಸುದ್ದಿ ಕಳಿಸಿಯೇ ಬಿಟ್ಟಿದ್ದಾಳೆ. ತಿರುಗಿ ಬರುವಾಗ ನಿಜ ಹೇಳೆಂದು ವಹಾಬನಿಗೆ ಹೇಳಿರಬೇಕು. ಸಂಜೆಗೆ ಇಲ್ಲಿ ಉಳಿಯುವುದೇನು? ಮೌಶಿಯ ಬಾಯಿಗೆ ಬಾಗಿಲಿಲ್ಲ, ಅವಳ ಮನೆಗೂ ಜೋಶಿಯವರ ಮನೆಗೂ ನಡುವೆ ಒಂದೇ ಗೋಡೆ. ಮಗನ ಪ್ರಾಣ ಉಳಿಸುವ ಗಡಿಬಿಡಿಯಲ್ಲಿ ಗೋಡೆಯಾಚೆ ಸೊಸೆ ಇದ್ದಾಳೆಂಬುದು ಪಾರ್ವತೀಬಾಯಿಗೆ ನೆನಪಾಗಲಿಲ್ಲ. ಮಗನಿಗಾದರೂ ಯಾವಾಗ ನೆನಪಾಗಿತ್ತು?

"ಆ ಅಳಿಯಾ ನಾನ," ಎಂದ.

ದೆವ್ವವಿರಬಹುದೆಂದು ಸೂಗಪ್ಪ ಅವನ ಪಾದಗಳು ಮುಂದಕ್ಕಿವೆಯೋ ಹಿಂದಕ್ಕಿವೆಯೋ ಎಂದು ಬಗ್ಗಿ ನೋಡಿದ. ಆಮೇಲೆ ಎತ್ತುಗಳಿಗೆ ಬಾರುಕೋಲು ಬೀಸಿ ಬಂಡಿ ಓಡಿಸಿದ.

ಮುಕುಂದ ಕಮಲಾಪುರದ ಕಡೆ ಜೋರಾಗಿ ತುಳಿದ. ಅರ್ಧ ಮೈಲಿಗೇ ಮುಂದಿನ ಗಾಲಿ ಮತ್ತೆ ಕೂತಿತು. ಇಳಿಯಲಿಲ್ಲ. ಕಲ್ಲುದಾರಿಯಲ್ಲಿ ಬರೀ ರಿಮ್ಮಿನ ಮೇಲೆ, ಹಲ್ಲು ಕಟಕಟ ಕಡಿಯುತ್ತ ತುಳಿದ. ಸೈಕಲ್ಲಿಗೆ ಒಂದು ಗೀರು ಬಿದ್ದರೆ ಊಟ ಬಿಡುತ್ತಿದ್ದವನು ಮುರಿದರೆ ಮುರಿಯಲಿ ಎಂದುಕೊಂಡ. ಹೆಂಡತಿಯ ಮುಖ ನೆನೆಯಲು ನೋಡಿದ. ಬಾಸಿಂಗದ ಕೆಳಗೆ ತೂಕಡಿಸುತ್ತಿದ್ದ ಒಂದು ಕೂಸು ಬಿಟ್ಟರೆ ಏನೂ ಕಣ್ಣಿಗೆ ಬರಲಿಲ್ಲ. ಅವಳ ಕೂದಲು ಉದ್ದವೋ ಗಿಡ್ಡವೋ ಅದೂ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಜೋಶಿಯವರ ಅಂಗಳದ ತುಂಬ ಹೆಂಗಸರಿದ್ದರು. ಅವನನ್ನು ಕಂಡು ಅಳು ಗಕ್ಕನೆ ನಿಂತಿತು. ಸೈಕಲ್ಲನ್ನು ಬಾಗಿಲಲ್ಲೇ ಕೆಡವಿ ಅವನು ಹಿತ್ತಲಿಗೆ ಓಡಿದ.

ಹಿತ್ತಲಲ್ಲಿ ಕ್ಷೌರದವನು ಕತ್ತಿ ಮಸೆಯುತ್ತಿದ್ದ. ಅವನ ಮುಂದೆ ಹುಡುಗಿಯೊಬ್ಬಳು ತಲೆ ಬಗ್ಗಿಸಿ ಕೂತಿದ್ದಳು. ಬರಿಗೈ, ಬರಿಹಣೆ. ಪಕ್ಕದ ಮೊರದಲ್ಲಿ ಮಾರುದ್ದದ ಜಡೆ ಬಿದ್ದಿತ್ತು. ಕತ್ತರಿಯ ಕೆಲಸ ಮುಗಿದು ಕತ್ತಿಯದು ಬಾಕಿ ಇತ್ತು.

"ನಿಲ್ಲಸ್ರಿ. ನಾ ಸತ್ತಿಲ್ಲ," ಎಂದ. ಕತ್ತಿ ಕ್ಷೌರದವನ ಕೈಯಿಂದ ಜಾರಿತು.

ಅಜ್ಜಿ ಬಂದು ಅವನ ಮುಖ, ಭುಜ, ಮುಂಗೈ ಮುಟ್ಟಿ ನೋಡಿದಳು. ಒಂಬತ್ತನೇ ವರ್ಷಕ್ಕೇ ತಲೆ ಬೋಳಿಸಿಕೊಂಡವಳು ಅವಳು. ಮುಟ್ಟಿ ಮುಟ್ಟಿ ನೋಡಿ ಅಲ್ಲೇ ಕುಸಿದು ಕೂತಳು. ಮುಕುಂದ ತೊದಲುತ್ತ ಕಾಗೆಯ ಸಂಗತಿ ಹೇಳಿದ. ಕೇಳುತ್ತಲೇ ಮನೆಯ ಬಣ್ಣವೇ ಬದಲಾಯಿತು. ಯಾರೋ ಸಕ್ಕರೆ ತಂದು ಅವನ ಬಾಯಿಗೆ ಹಾಕಿದರು. ಮೌಶಿ ಎಲ್ಲರನ್ನೂ ಸರಿಸಿಕೊಂಡು ಬಂದು ಅವನ ಕೆನ್ನೆ ಸವರಿದಳು.

"ಕಂಟಕ ಹೋತು ಬಿಡೋ. ನಾ ಅತ್ತದ್ದು ಒಂದು ಅಳೂನ ಅಲ್ಲ, ನಿನ್ನ ಹೆಂಡತಿ ಅತ್ತದ್ದು ನೋಡಬೇಕಿತ್ತು. ನೆಲಾ ತೊಯ್ಯೂ ಹಂಗ ಅತ್ತಾಳ. ಇನ್ನ ನೂರು ವರ್ಷ ನಿನಗೇನೂ ಆಗಂಗಿಲ್ಲ. ಕೂದಲದ್ದೇನು, ಬೆಳೀತಾವ."

ಎಲ್ಲರೂ ಹೌದೆಂದರು. ಹಿರಿಯರೆದುರು ಗಂಡನ ಜೊತೆ ಮಾತಾಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಇಂದೂಬಾಯಿ ತಲೆಯೆತ್ತಿದಳು. ಕುತ್ತಿಗೆಯ ಮೇಲೆ ಅಡ್ಡಾದಿಡ್ಡಿ ಕತ್ತರಿಸಿದ ಕೂದಲು, ಬಾತುಹೋದ ಕಣ್ಣು. ದಾರಿಹೋಕನನ್ನು ನೋಡುವಂತೆ ಅವನನ್ನು ನೋಡಿದಳು.

"ನಿಮ್ಮ ಸಲುವಾಗಿ ಅತ್ತಿಲ್ಲರೀ," ಎಂದಳು. "ಅಳಬೇಕಂದ್ರ ನಿಮ್ಮ ಮುಖಾನ ನೆನಪಾಗಲಿಲ್ಲ. ನನ್ನ ಕೂದಲಕ್ಕ ಅತ್ತೀನಿ."

ಮೌಶಿಯ ಕೈ ಅವನ ಕೆನ್ನೆಯ ಮೇಲೇ ನಿಂತಿತು. ಇಂದೂಬಾಯಿ ಮೊರದಲ್ಲಿದ್ದ ಜಡೆಯನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು. ಮದುವೆಯಾಗಿ ಆರು ವರ್ಷಕ್ಕೆ ಮುಕುಂದ ಮೊದಲ ಸಲ ಹೆಂಡತಿಯ ದನಿ ಕೇಳಿದ್ದ.