ತಿರುಗದ ಕಂಬ

ಕಂಬ ತಿರುಗಲಿಲ್ಲ.

ನೆಜಾತ್ ಮತ್ತೊಮ್ಮೆ ಅಂಗೈ ಒತ್ತಿದ. ಹಸಿರು ಕಲ್ಲು ತಣ್ಣಗೆ, ಸಭ್ಯವಾಗಿ, ಅವನ ಕೈಯನ್ನು ಜಾರಿಸಿತು. ಇಮಾಮರು ನಿಲ್ಲುವ ಗೂಡಿನ ಆಚೆ ಬದಿಯಲ್ಲಿದ್ದ ಇದರ ಜೋಡಿ ಈಗಷ್ಟೇ ಬೆರಳ ತುದಿಗೇ ಸುತ್ತಿತ್ತು.

"ತಿರುಗ್ತಾ?" ಹಿಂದಿನಿಂದ ಇಮಾಮ್ ಜೆಕೆರಿಯಾ ಹೋಜಾ ಕೇಳಿದರು.

"ನೋಡ್ತಿದೀನಿ."

ಭೂಮಿ ನಡುಗಿದ ದಿನದಿಂದ ತುರ್ಕಿಯ ಬುರ್ಸಾದ ನೇಕಾರರ ಮಸೀದಿಯ ಒಳಗೆ ನಮಾಜು ನಿಂತಿತ್ತು. ಮತ್ತೆ ತೆರೆಯಬಹುದೋ ಬಾರದೋ ಎಂದು ಇವತ್ತು ಹೇಳಬೇಕಾದ ಎಂಜಿನಿಯರ್ ನೆಜಾತ್. ಉಪಕರಣಗಳು ತೆರೆಯಬಹುದು ಎಂದಿದ್ದವು. ಉಪಕರಣಗಳಿಗೇನು, ಅವು ಈ ಊರಿನವಲ್ಲ. ಮುತ್ತಜ್ಜಂದಿರ ಕಾಲದ ಮಹಾಕಂಪದಲ್ಲಿ ಎರಡು ಗುಮ್ಮಟಗಳಲ್ಲಿ ಒಂದು, ನಮಾಜಿಗೆ ನಿಂತವರ ಮೇಲೇ ಕುಸಿದಿತ್ತು. ಮತ್ತೆ ಕಟ್ಟಿದ ಕಲ್ಲುಕುಟಿಗರು ಗೂಡಿನ ಎರಡು ಬದಿಗೂ ಈ ಸಣ್ಣ ಕಂಬಗಳನ್ನು, ಯಾವ ಭಾರವನ್ನೂ ಹೊರಿಸದೆ, ಸಡಿಲವಾಗಿ ಕೂರಿಸಿದರು. ಸುತ್ತಿದರೆ ಗೋಡೆ ಕ್ಷೇಮ. ಬಿಗಿದುಕೊಂಡರೆ ಅಡಿಪಾಯ ಜರುಗಿದೆ, ಮೇಲಿನ ಭಾರ ದಾರಿ ತಪ್ಪಿ ಇಳಿಯುತ್ತಿದೆ ಎಂದು ಅರ್ಥ.

ನಮಾಜು ಮುಗಿದು ಹೆಂಗಸರು ಮೊದಲು ಹೋದ ಮೇಲೆ, ಗಂಡಸರು ಹೊರಡುವಾಗ ಕಂಬವನ್ನೊಮ್ಮೆ ತಿರುಗಿಸಿ, ದೇವರ ಉಪಕಾರ ನೆನೆದು ಚಪ್ಪಲಿ ಮೆಟ್ಟುತ್ತಿದ್ದರು. ಅಪ್ಪ ಇಲ್ಲಿ ಮುಅಜ್ಜಿನ್, ಅಜಾನ್ ಕೂಗುತ್ತಿದ್ದವರು. ಪುಟ್ಟ ನೆಜಾತನನ್ನು ಎತ್ತಿಕೊಂಡು, ಅವನ ಕೈ ಮೇಲೆ ತಮ್ಮ ಕೈಯಿಟ್ಟು ತಿರುಗಿಸುತ್ತಿದ್ದರು. ತಿರುಗಿಸಿದ್ದು ಯಾವ ಕೈ ಎಂದು ಅವನಿಗೆ ಎಂದೂ ಗೊತ್ತಾಗಲಿಲ್ಲ. ಅಪ್ಪ ಹೋದ ಮೇಲೆ ಅವನು ಇಲ್ಲಿಗೆ ಬಂದಿರಲಿಲ್ಲ. ಬರಬಾರದೆಂದೇನೂ ಅಲ್ಲ. ಬಂದರೆ ಯಾವುದಕ್ಕೆ ಕೃತಜ್ಞನಾಗಬೇಕೆಂದು ತಿಳಿಯುತ್ತಿರಲಿಲ್ಲ, ಅಷ್ಟೆ.

ಬಗ್ಗಿ ನೋಡಿದ. ಕಂಬದ ಬುಡದಲ್ಲಿ, ಸಂದು ಇರಬೇಕಾದ ಕಡೆ, ಬಿಳಿ ಗಾರೆ. ತಲೆಯ ಕಡೆಗೂ ಅದೇ. ನಯವಾದ, ಹೊಸ ಕೆಲಸ.

"ಹೋಜಾ, ಇದೇನಿದು?"

ಹೋಜಾ ಕತ್ತು ತುರಿಸಿಕೊಂಡರು. "ನಾನು ಊರಲ್ಲಿರಲಿಲ್ಲ. ಬಂದು ನೋಡಿದ್ರೆ ಆಗ್ಹೋಗಿತ್ತು. ಮುರುವೆತ್ ಅಜ್ಜಿ ಅಷ್ಟು ಖುಷಿಯಾಗಿದ್ರು... ಹೆಂಗೆ ಹೇಳ್ಲಿ? ನೀವು ಹೇಳ್ತೀರ ಅಂತ ಸುಮ್ನಿದ್ದೆ."

ಹೇಳಲು ಕಾಯಬೇಕಾಗಲಿಲ್ಲ. ಅಜ್ಜಿ ತಟ್ಟೆ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡರು. ಬೀದಿಯಲ್ಲೆಲ್ಲ ಹಂಚಿ ಉಳಿದ ಲೋಕ್ಮಾ, ಕರಿದ ಹಿಟ್ಟಿನ ಉಂಡೆಗಳು, ಸಕ್ಕರೆ ಪಾಕದಲ್ಲಿ ಇನ್ನೂ ಬಿಸಿಯಾಗಿತ್ತು.

"ತಿನ್ನು ಮಗಾ. ನಿಮ್ಮಪ್ಪ ಇದ್ದಿದ್ರೆ ತಟ್ಟೇನೂ ನೆಕ್ಕಿ ಕೊಡ್ತಿದ್ದ."

"ಅಜ್ಜಿ, ಈ ಗಾರೆ..."

"ನಂದೇ!" ಮುಖ ಅರಳಿತು. "ಅವತ್ತು ನಡುಗಿದಾಗ ನನ್ನ ಮೊಮ್ಮಗಳು ಇದೇ ಗುಮ್ಮಟದ ಕೆಳಗಿದ್ಳು. ಒಂದು ಕೂದ್ಲೂ ಕೊಂಕಲಿಲ್ಲ. ಮದುವೆಯಾಗಿ ಬಂದಾಗಿಂದ ಮೇಲೆ ಹೆಂಗಸರ ಜಾಲರಿಯಿಂದ ನೋಡ್ತಾನೇ ಇದೀನಿ, ಆ ಕಂಬಕ್ಕೆ ಮೇಲೂ ಕೆಳಗೂ ಕರೀ ಸಂದು. ಇಷ್ಟು ಚಂದದ ಮಸೀದೀಲಿ ಒಬ್ಬ ಗಂಡಸಿಗೂ ಅದು ಕಾಣಬಾರ್ದಾ? ಹರಕೆ ಹೊತ್ತಿದ್ದೆ, ಮುಚ್ಚಿಸ್ದೆ. ಆ ಕಡೇದು ಬರೋ ವಾರ."

"ಅದು ತಿರುಗೋ ಕಂಬ, ಅಜ್ಜಿ."

"ಕಂಬ ಎಲ್ಲಾದ್ರೂ ತಿರುಗುತ್ತಾ? ಓದಿ ಓದಿ ತಮಾಷೆ ಮಾಡೋದು ಕಲ್ತಿದೀಯ."

ನೆಜಾತನಿಗೆ ನಗು ಬಂತು. ಈ ಬದಿಯ ಗೋಡೆಗಿದ್ದದ್ದು ಈ ಒಂದು ಬಾಯಿ. ಕೃತಜ್ಞತೆ ಅದಕ್ಕೆ ಗಾರೆ ಮೆತ್ತಿತ್ತು. ಕಂಬ ಬಿಗಿದದ್ದು ಅಜ್ಜಿಯ ಹರಕೆಯಿಂದಲೋ, ಜರುಗಿದ ಗೋಡೆಯಿಂದಲೋ, ಈಗ ಹೇಳುವವರಿಲ್ಲ.

"ಇದನ್ನ ಕೀಳ್ಬೇಕು ಅಜ್ಜಿ."

ತಟ್ಟೆ ಸ್ವಲ್ಪ ವಾಲಿತು.

"ಕೀಳು ಮಗಾ. ನನ್ನ ಕೈಲಾದ್ದು ನಾನು ಮಾಡ್ದೆ. ಇನ್ನು ನಿನ್ನ ಕೈಲಿದೆ. ದೇವರು ನಿನ್ನ ಚೆನ್ನಾಗಿಟ್ಟಿರ್ಲಿ."

ಬೈಯಬಹುದಿತ್ತು. ಬೈದಿದ್ದರೆ ಹಗುರವಾಗುತ್ತಿತ್ತು.

ಅಜ್ಜಿ ಮೆಟ್ಟಿಲು ಹತ್ತಿ ಹೆಂಗಸರ ಕಡೆಗೆ ಹೋದರು. ನೆಜಾತ್ ಮಂಡಿಯೂರಿ ಉಳಿಯಿಂದ ಗಾರೆ ಕೆರೆದ. ಆಮೇಲೆ ಸ್ಟೂಲು ಹತ್ತಿ ಮೇಲಿನದನ್ನೂ ಕೆರೆದ. ಪುಡಿ ತೋಳಿನ ಮೇಲೆ ಉದುರಿತು. ಮಸೀದಿಯ ನಡುವಿನ ಕಾರಂಜಿಯ ನೀರು ಒಂದೇ ಸಮನೆ ಏನನ್ನೋ ಓದಿಕೊಳ್ಳುತ್ತಿತ್ತು. ಕೊನೆಗೆ ಮೇಲೂ ಕೆಳಗೂ ನೂಲಿನಷ್ಟು ಸಂದು ಕಂಡಿತು.

ಇನ್ನು ಕೈಯಿಟ್ಟು ಒತ್ತುವುದಷ್ಟೇ. ತಿರುಗಿದರೆ ಸರಿ. ತಿರುಗದಿದ್ದರೆ ಈಗ ನೆಪವಿಲ್ಲ.

ಕೈಯಿಟ್ಟ.

"ಬಾಗ್ಲು ಹಿಂಗೇ ತೆರೆದಿರ್ಲಿ ಅಲ್ವಾ?" ಹೋಜಾರ ದನಿ. "ಜನ ಅಂಗಳದಲ್ಲಿದಾರೆ, ಅಸರ್ ನಮಾಜಿನ ಹೊತ್ತಾಯ್ತು."

"ಹ್ಞಾಂ... ನೋಡೋಣ."

ಹೊರಗೆ ಅಜಾನ್ ಎದ್ದಿತು. ಅಪ್ಪನ ದನಿಯಲ್ಲ, ಆದರೆ ಅದೇ ಏರು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು. ಯಾರೂ ತೆರೆಯಲು ಹೇಳಿರಲಿಲ್ಲ. ಬೇಡವೆಂದೂ ಯಾರೂ ಹೇಳಿರಲಿಲ್ಲ. ಅಷ್ಟು ಅವರಿಗೆ ಸಾಕಾಯಿತು.

"ಉಳಿಸ್ಬಿಟ್ಟೆ ಕಣಪ್ಪಾ," ಎಂದು ಒಬ್ಬರು ಬೆನ್ನು ತಟ್ಟಿದರು.

"ಮುಅಜ್ಜಿನ್ ಮಗ ಅಲ್ವಾ ಇವ್ನು? ಮತ್ತೆ!"

"ಇಷ್ಟು ದಿನ ಅಂಗಳದಲ್ಲೇ ನಮಾಜು ಮಾಡಿ ಮಂಡಿ ಸೆಟೆದುಹೋಗಿತ್ತು. ನಿಂಗೆ ಪುಣ್ಯ ಬರ್ಲಿ ತಮ್ಮಾ."

ಹೊರಗೆ ಹೋಗಿ ಎನ್ನಬೇಕಿತ್ತು. ಎರಡೇ ಮಾತು. ನಾಲಿಗೆಯ ಬುಡದಲ್ಲೇ ಇದ್ದವು. ಅವರ ಸಂತೋಷ ಬಂದು ಬಂದು ಅವನ ಹೆಗಲ ಮೇಲೆ ಕೂರುತ್ತಿತ್ತು. ಪ್ರತಿ ಸಲವೂ ಅವನು ತಲೆಯಾಡಿಸಿದ. ಸಾಲುಗಳು ಭುಜಕ್ಕೆ ಭುಜ ತಾಗಿಸಿ ನಿಂತವು. ಹೋಜಾ ಗೂಡಿನ ಮುಂದೆ ನಿಂತು ಅವನತ್ತ ಒಮ್ಮೆ ನೋಡಿದರು. ನೆಜಾತ್ ಕಲ್ಲನ್ನು ನೋಡಿದ. ಹೋಜಾ ಕಿವಿಯ ಬಳಿಗೆ ಕೈಯೆತ್ತಿ ನಮಾಜು ಶುರುಮಾಡಿದರು.

ಈಗ ಒತ್ತಿದರೆ? ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ಸುಮ್ಮನಿರುವುದು ಕೊಲೆ. ಗೊತ್ತಾಗದೆ ಸುಮ್ಮನಿರುವುದಕ್ಕೆ ಏನೆನ್ನುತ್ತಾರೋ, ಅವನು ಓದಿದ್ದರಲ್ಲಿ ಎಲ್ಲೂ ಬಂದಿರಲಿಲ್ಲ.

ಎಲ್ಲರೂ ಬಾಗಿದರು. ಎದ್ದರು. ಹಣೆ ನೆಲಕ್ಕಿಟ್ಟರು. ಗುಮ್ಮಟದ ಕೆಳಗೆ ಸಾಲುಸಾಲು ದುಂಡು ಬೆನ್ನುಗಳು, ಒಂದೊಂದೂ ಪುಟ್ಟ ಗುಮ್ಮಟ, ಒಳಗೆ ಉಸಿರಿದ್ದದ್ದು. ಅವುಗಳ ನಡುವೆ ಎದ್ದು ನಿಂತವನು ಅವನೊಬ್ಬನೇ. ಕೈ ಕಂಬದ ಮೇಲೇ ಇತ್ತು. ಒತ್ತಲಿಲ್ಲ, ತೆಗೆಯಲೂ ಇಲ್ಲ. ಮೇಲೆ ಎಲ್ಲೋ ಸುಣ್ಣದ ಒಂದು ಹಕ್ಕಳೆ ಕಳಚಿಕೊಂಡು, ಬೆಳಕಿನ ಕೋಲಿನೊಳಗೆ ತೇಲುತ್ತ ಇಳಿಯತೊಡಗಿತು.

ಗುಮ್ಮಟ ಬೀಳಲಿಲ್ಲ. ಆ ಕ್ಷಣಕ್ಕೆ ಅವನು ಕೃತಜ್ಞನಾದ. ಅದರ ಮುಂದಿನ ಕ್ಷಣಕ್ಕೂ. ಹಕ್ಕಳೆ ಯಾರದೋ ಬಾಗಿದ ಕತ್ತಿನ ಮೇಲೆ ಮೆಲ್ಲಗೆ ಕೂತಿತು. ಆತ ಅಲುಗಲಿಲ್ಲ.